ಪಾಳಿ ಕೇಳುವ ಫೋನು: ಒಬ್ಬ ಕಬ್ಬಿನ ಫೀಲ್ಡ್‌ಮನ್ ಪ್ರಕರಣ

ಇದು ಬಾಗಲಕೋಟೆ ಜಿಲ್ಲೆಯ ಒಬ್ಬ ಕಬ್ಬಿನ ಫೀಲ್ಡ್‌ಮನ್ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ತಾಲ್ಲೂಕು, ಕಾರ್ಖಾನೆ ಯಾವುದನ್ನೂ ಹೇಳುವುದಿಲ್ಲ. ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಘಟಪ್ರಭಾ, ಕೃಷ್ಣಾ ದಂಡೆಯ ಊರುಗಳಲ್ಲಿ ಈ ಕೆಲಸ ಮಾಡುವವರು ಬಹಳ ಜನ ಇದ್ದಾರೆ. ಓದುವಾಗ ‘ಇವರು ನಮ್ಮ ಪೈಕಿಯವರೇ’ ಅನಿಸಿದರೆ ದಯವಿಟ್ಟು ಯಾರ ಮೇಲೂ ಬೊಟ್ಟು ಮಾಡಬೇಡಿ.

ನಾನು ಬಾಗಲಕೋಟೆ ನವನಗರದಲ್ಲಿ ಆಪ್ತ ಸಮಾಲೋಚಕ. ಕೆಲಸದ ಒತ್ತಡ ಅಂತ ಬರುವವರಲ್ಲಿ ಶಿಕ್ಷಕರು, ಬ್ಯಾಂಕಿನವರು, ಪಂಚಾಯ್ತಿಯವರು ಜಾಸ್ತಿ. ಸಕ್ಕರೆ ಕಾರ್ಖಾನೆಯ ಹೊರಗೆಲಸದವರು ಬರುವುದೇ ಕಡಿಮೆ. ಬಂದರೂ ‘ಒತ್ತಡ’ ಅಂತ ಬರುವುದಿಲ್ಲ. ಎದೆ ಹಿಡಿಯುತ್ತದೆ, ನಿದ್ದೆ ಇಲ್ಲ, ಆ್ಯಸಿಡಿಟಿ ಅಂತ ಬರುತ್ತಾರೆ. ಇವರೂ ಹಾಗೆಯೇ ಬಂದರು.

ಕೆಲಸ ಹೇಗಿರುತ್ತದೆ

ಕಬ್ಬಿನ ಸೀಮೆಯ ಹೊರಗಿನವರಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರ್ಖಾನೆ ಮತ್ತು ರೈತರ ನಡುವೆ ಓಡಾಡುವವರು ಫೀಲ್ಡ್‌ಮನ್. ಒಬ್ಬರಿಗೆ ಕೆಲವು ಹಳ್ಳಿಗಳು. ಯಾರು ಯಾವಾಗ ಕಬ್ಬು ಹಚ್ಚಿದರು, ಎಷ್ಟು ಎಕರೆ, ಯಾವ ತಳಿ, ಹೊಸ ಕಬ್ಬೋ ಕುಳೆಯೋ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ) ಎಲ್ಲವನ್ನೂ ನೋಂದಣಿ ಮಾಡಬೇಕು. ಹಂಗಾಮು ಶುರುವಾದ ಮೇಲೆ ಆ ನೋಂದಣಿಯ ಲೆಕ್ಕದಲ್ಲಿ ಕಟಾವಿನ ಪಾಳಿ ಬರುತ್ತದೆ. ಕಟಾವು ಗ್ಯಾಂಗು ಎಲ್ಲಿ ಇಳಿಯಬೇಕು, ಟ್ರ್ಯಾಕ್ಟರ್ ಯಾವ ಹೊಲಕ್ಕೆ ಹೋಗಬೇಕು ಎಂಬುದನ್ನು ಹೊಲದ ಬದುವಿನಲ್ಲಿ ನಿಂತು ಹೇಳುವವರು ಇವರೇ.

ಅಕ್ಟೋಬರ್ ಕೊನೆ ಅಥವಾ ನವೆಂಬರಿನಿಂದ ಮಾರ್ಚ್ ಸುಮಾರಿಗೆ ಹಂಗಾಮು. ಅಷ್ಟು ತಿಂಗಳು ಹಗಲು ರಾತ್ರಿ ಕಾರ್ಖಾನೆ ನಡೆಯುತ್ತದೆ. ಕಬ್ಬು ಕಡಿದ ಮೇಲೆ ಬೇಗ ಅರೆಯಬೇಕು. ತಡವಾದಷ್ಟು ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಪಕ್ವವಾದ ಕಬ್ಬು ಹೊಲದಲ್ಲೇ ನಿಂತರೂ ರೈತನಿಗೆ ನಷ್ಟ. ಹೂ ಬಂತು, ನೀರು ಮುಗಿಯಿತು, ಕುಳೆಗೆ ತಡವಾಯಿತು, ಮಗಳ ಮದುವೆ ಹತ್ತಿರ ಬಂತು. ಪ್ರತಿಯೊಬ್ಬರಿಗೂ ಅವಸರ, ಮತ್ತು ಪ್ರತಿಯೊಬ್ಬರ ಅವಸರವೂ ನಿಜವಾದದ್ದೇ.

ಗ್ಯಾಂಗಿನವರ ಕಷ್ಟ ಇನ್ನೊಂದು. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮ ವಿಜಯಪುರ ಸೀಮೆಯ ತಾಂಡಾಗಳಿಂದ ಮುಂಗಡ ತೆಗೆದುಕೊಂಡು ಬಂದಿರುತ್ತಾರೆ. ಕೆಸರಿನ ಹೊಲ, ಮಲಗಿದ ಕಬ್ಬು ಅಂದರೆ ಮೇಲೆ ದುಡ್ಡು ಕೇಳುತ್ತಾರೆ. ಅದರ ಜಗಳವೂ ಫೀಲ್ಡ್‌ಮನ್ ಹತ್ತಿರವೇ ಬರುತ್ತದೆ.

ಈಗ ಮುಖ್ಯ ವಿಷಯ. ಪಾಳಿಯನ್ನು ಅಂತಿಮವಾಗಿ ತೀರ್ಮಾನಿಸುವುದು ಕೇನ್ ಆಫೀಸು, ಅಂದರೆ ಕಾರ್ಖಾನೆಯ ಕಬ್ಬು ವಿಭಾಗ. ಎಷ್ಟು ಗ್ಯಾಂಗು, ಎಷ್ಟು ಗಾಡಿ ಎಂಬುದೂ ಅಲ್ಲಿಯದೇ ತೀರ್ಮಾನ. ಬಿಲ್ ಹಾಕುವುದು ಅಕೌಂಟ್ಸ್ ವಿಭಾಗ. ಇವುಗಳಲ್ಲಿ ಒಂದೂ ಫೀಲ್ಡ್‌ಮನ್ ಕೈಯಲ್ಲಿ ಇಲ್ಲ. ಆದರೆ ಊರಲ್ಲಿ ಎಲ್ಲರ ಹತ್ತಿರ ಇರುವುದು ಇವರೊಬ್ಬರ ಫೋನ್ ನಂಬರ್.

ಇವರು ನಲವತ್ತರ ಆಸುಪಾಸಿನವರು. ಹದಿನೈದು ವರ್ಷದ ಅನುಭವ. ಸ್ವತಃ ಕಬ್ಬು ಬೆಳೆಯುವ ಮನೆತನ. ಊರಲ್ಲಿ ಒಳ್ಳೆಯ ಹೆಸರು. ‘ಮಾತು ಕೊಟ್ಟರೆ ಮುಗೀತು’ ಅನ್ನುವ ಮನುಷ್ಯ. ಆ ಒಳ್ಳೆಯ ಹೆಸರೇ ಅವರ ಮೇಲೆ ಭಾರವಾಗುತ್ತಾ ಬಂದಿತ್ತು.

ತೊಂದರೆ ಹೇಗೆ ಕಾಣಿಸಿತು

ಮೊದಲು ಹೋದದ್ದು ನಿದ್ದೆ. ಹನ್ನೊಂದಕ್ಕೆ ಮಲಗಿ ಮೂರಕ್ಕೆ ಎಚ್ಚರ. ಆಮೇಲೆ ಎದೆಯುರಿ, ಕುತ್ತಿಗೆ ಹಿಂದೆ ಬಿಗಿತ. ತಂಬಾಕು ದುಪ್ಪಟ್ಟಾಯಿತು. ‘ಫೋನ್ ಬರದಿದ್ರೂ ಬಂದಂಗ ಆಗತೈತ್ರಿ, ಕಿಸೆ ಮುಟ್ಟಿ ಮುಟ್ಟಿ ನೋಡ್ಕೋತೀನಿ’ ಎಂದರು. ಒಂದು ರಾತ್ರಿ ಎದೆ ಹಿಡಿದು ಆಸ್ಪತ್ರೆಗೆ ಹೋದರು. ಇಸಿಜಿ ಸರಿ ಇತ್ತು. ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು.

ಹೆಂಡತಿ ಗಮನಿಸಿದ್ದು ಬೇರೆ. ‘ಮನ್ಯಾಗ ಕುಂತಿರ್ತಾರ್ರಿ, ಆದ್ರ ಇಲ್ಲೆ ಇರೂದಿಲ್ಲ’ ಎಂದರು ಅವರು. ಮಗ ಏನೋ ಕೇಳಿದರೆ ಎರಡು ಸಲ ಉತ್ತರವೇ ಇಲ್ಲ, ಮೂರನೇ ಸಲ ಬೈಗುಳ. ಮದುವೆಗೆ ಹೋದರೆ ಊಟದ ಸಾಲಿನಲ್ಲೇ ಜನ ಹಿಡಿದು ಪಾಳಿ ಕೇಳುತ್ತಾರೆ ಅಂತ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದರು.

ನನಗೆ ಇವೆಲ್ಲಕ್ಕಿಂತ ದೊಡ್ಡ ಸೂಚನೆ ಅನಿಸಿದ್ದು ಅವರ ಮಾತಿನ ಧಾಟಿ. ಹದಿನೈದು ವರ್ಷ ರೈತರ ಪರವಾಗಿ ಆಫೀಸಿನಲ್ಲಿ ಜಗಳ ಆಡಿದ ಮನುಷ್ಯ ಈಗ ‘ಎಲ್ಲಾ ಕಳ್ಳರs ಅದಾರ’ ಅನ್ನುತ್ತಿದ್ದರು. ಯಾರ ಕಷ್ಟ ಕೇಳಿದರೂ ಒಳಗೆ ಏನೂ ಆಗುವುದಿಲ್ಲ ಎಂದರು. ಇದನ್ನು ಹೇಳುವಾಗ ಅವರಿಗೇ ನಾಚಿಕೆಯಾಗುತ್ತಿತ್ತು. ಜೊತೆಗೆ ಕೆಲಸದಲ್ಲಿ ತಪ್ಪುಗಳು ಶುರುವಾಗಿದ್ದವು. ಒಬ್ಬರ ಸರ್ವೆ ನಂಬರ್ ಇನ್ನೊಬ್ಬರ ಹೆಸರಿಗೆ ಬಿತ್ತು. ಅದರಿಂದ ಊರಲ್ಲಿ ದೊಡ್ಡ ರಂಪ ಆಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣವಾದ ಐಸಿಡಿ-11 ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಬರ್ನ್‌ಔಟ್ ಎಂಬುದನ್ನು ಕಾಯಿಲೆಯಾಗಿ ಸೇರಿಸಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಹೇಳಿದೆ. ಸರಿಯಾಗಿ ನಿಭಾಯಿಸದೆ ಬಹುಕಾಲ ಉಳಿದ ಕೆಲಸದ ಒತ್ತಡದಿಂದ ಅದು ಬರುತ್ತದೆ. ಮೂರು ಗುರುತು: ಶಕ್ತಿ ಬತ್ತಿಹೋದ ದಣಿವು, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು ಅಥವಾ ಕಹಿಯಾಗುವುದು, ಮತ್ತು ಕೆಲಸದ ಗುಣಮಟ್ಟ ಕುಸಿಯುವುದು. ಇವರಲ್ಲಿ ಮೂರೂ ಕಾಣುತ್ತಿದ್ದವು.

ಆದರೂ ಒಂದು ಪ್ರಶ್ನೆ ಉಳಿಯಿತು. ಹಂಗಾಮಿನಲ್ಲಿ ಎಲ್ಲ ಫೀಲ್ಡ್‌ಮನ್‌ಗಳೂ ದಣಿಯುತ್ತಾರೆ, ಅಲ್ವಾ? ಇದು ಬೇರೆ ಅಂತ ಹೇಗೆ ಹೇಳುವುದು? ಅವರನ್ನೇ ಹಿಂದಿನ ವರ್ಷಗಳ ಬಗ್ಗೆ ಕೇಳಿದೆ. ಮೊದಲೆಲ್ಲ ಯುಗಾದಿ ಕಳೆದರೆ ಹದಿನೈದು ದಿನದಲ್ಲಿ ಮೈ ಹಗುರ ಆಗುತ್ತಿತ್ತಂತೆ. ಎರಡು ವರ್ಷದ ಕೆಳಗೆ ಅದು ಜೂನ್‌ವರೆಗೆ ಎಳೆಯಿತು. ಈ ಸಲ ಅವರು ನನ್ನ ಮುಂದೆ ಕೂತಿದ್ದು ಜುಲೈನಲ್ಲಿ. ಕಾರ್ಖಾನೆ ನಿಂತು ತಿಂಗಳುಗಳಾಗಿದ್ದವು. ದಣಿವು ಹೋಗಿರಲಿಲ್ಲ. ಇನ್ನೂ ಮೂರಕ್ಕೇ ಎಚ್ಚರ. ಬಿಡುವು ಸಿಕ್ಕರೂ ತುಂಬಿಕೊಳ್ಳದ ದಣಿವು ಎಂದು ಗೊತ್ತಾದಾಗ ಇದು ಹಂಗಾಮಿನ ಸಾಮಾನ್ಯ ಸುಸ್ತಲ್ಲ ಎಂಬುದು ಇಬ್ಬರಿಗೂ ಖಚಿತವಾಯಿತು.

ಅಲ್ಲಿಯವರೆಗೆ ಮಾಡಿದ್ದು

ನನ್ನ ಬಳಿ ಬರುವ ಮುಂಚೆ ಅವರು ಸುಮ್ನೆ ಕೂತಿರಲಿಲ್ಲ. ಎಂಡೋಸ್ಕೋಪಿ ಆಗಿತ್ತು. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ನಿದ್ದೆ ಮಾತ್ರೆ ತಂದಿದ್ದರು. ಅದನ್ನು ಮೊದಲ ದಿನವೇ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಅಭ್ಯಾಸವಾದ ನಿದ್ದೆ ಮಾತ್ರೆಯನ್ನು ಒಮ್ಮೆಲೆ ಬಿಟ್ಟರೆ ಅಪಾಯ ಇರುತ್ತದೆ, ವೈದ್ಯರ ಕೈಯಲ್ಲೇ ಅದು ನಿಧಾನವಾಗಿ ಇಳಿಯಬೇಕು.

ಮಾರ್ಚಿನಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿದ್ದರು. ನಮ್ಮ ಕಡೆ ಯುಗಾದಿ ಮುಂಚೆ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವವರು ಸಾವಿರಾರು ಜನ. ಇವರು ಫೋನನ್ನು ಮನೆಯಲ್ಲೇ ಇಟ್ಟು ಹೋದರು. ದಿನವಿಡೀ ಬಿಸಿಲಲ್ಲಿ ನಡಿಗೆ, ರಾತ್ರಿ ಸಿಕ್ಕಲ್ಲಿ ಮಲಗುವುದು. ‘ಕಾಲಾಗ ಬೊಬ್ಬಿ ಎದ್ದಿದ್ವು, ಆದ್ರ ಅಷ್ಟು ಚಲೋ ನಿದ್ದಿ ಯಾವಾಗೂ ಮಾಡಿಲ್ರಿ’ ಎಂದರು. ಎದೆಯುರಿ ಇಲ್ಲ, ಕುತ್ತಿಗೆ ನೋವಿಲ್ಲ. ಊರಿಗೆ ಬಂದು ಫೋನ್ ಚಾಲೂ ಮಾಡಿದ ಎರಡು ಮೂರು ದಿನಕ್ಕೆ ಎಲ್ಲವೂ ವಾಪಸ್.

ಮನೆಯವರು ಇದನ್ನು ‘ಮಲ್ಲಯ್ಯನ ಹತ್ತಿರ ಇನ್ನೊಮ್ಮೆ ಹೋಗಿ ಬಾ’ ಎಂದು ಅರ್ಥ ಮಾಡಿಕೊಂಡಿದ್ದರು. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆ ಯಾತ್ರೆ ನನಗೆ ಇನ್ನೊಂದು ವಿಷಯವನ್ನೂ ತಿಳಿಸಿತು. ಈ ದೇಹಕ್ಕೆ ನಿದ್ದೆ ಮಾಡಲು ಇನ್ನೂ ಬರುತ್ತದೆ. ಕೆಲಸದಿಂದ ದೂರವಾದರೆ ಸರಿಹೋಗುತ್ತದೆ, ಹತ್ತಿರ ಬಂದರೆ ಕೆಡುತ್ತದೆ. ಹಾಗಾದರೆ ಹುಡುಕಬೇಕಾದದ್ದು ಕೆಲಸದೊಳಗೆ.

ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿತ್ತು. ‘ಬದುಕೇ ಬೇಡ ಅನಿಸಿದ್ದುಂಟಾ?’ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ. ಅದು ನಿಜವಲ್ಲ. ಕೇಳಿದರೆ ಮನುಷ್ಯನ ಭಾರ ಇಳಿಯುತ್ತದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, ‘ಈ ಫೋನು ನಿಲ್ಲಬೇಕಂದ್ರ ನಾನs ಇರಬಾರದು ಅಂತ ಒಂದೆರಡು ಸಲ ಅನಿಸೈತ್ರಿ’ ಎಂದರು. ಹೇಗೆ ಏನು ಎಂಬ ಯೋಜನೆ ಇರಲಿಲ್ಲ. ಅಷ್ಟಾದರೂ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಅವರ ಒಪ್ಪಿಗೆಯಿಂದ ಹೆಂಡತಿಗೆ ತಿಳಿಸಿದೆವು. ಮನೆಯಲ್ಲಿದ್ದ ಕ್ರಿಮಿನಾಶಕದ ಡಬ್ಬಿಗಳನ್ನು ಅವರ ಅಣ್ಣನ ಕಡೆ ಇಟ್ಟು ಬೀಗ ಹಾಕಿಸಿದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಅನ್ನು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆ ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆ ವಾರದ ಮಂಗಳವಾರವೇ ತಾಲ್ಲೂಕು ಆಸ್ಪತ್ರೆಗೆ ಹೋದರು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ವೈದ್ಯರು ಖಿನ್ನತೆಯೂ ಸೇರಿಕೊಂಡಿದೆ ಎಂದು ಮಾತ್ರೆ ಶುರು ಮಾಡಿದರು. ನಿದ್ದೆ ಮಾತ್ರೆಯನ್ನು ಹಂತ ಹಂತವಾಗಿ ಇಳಿಸಿದರು. ಬಿಪಿ 150/100ರ ಹತ್ತಿರ ಇತ್ತು, ಅದಕ್ಕೂ ಚಿಕಿತ್ಸೆ ಆರಂಭವಾಯಿತು. ಥೈರಾಯ್ಡ್ ಪರೀಕ್ಷೆ ಸರಿ ಬಂತು. ಈ ಪರೀಕ್ಷೆಗಳನ್ನು ಮಾಡಿಸದೆ ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟಬಾರದು.

ನನ್ನ ಕಡೆಯಿಂದ ನಿದ್ದೆಯ ಶಿಸ್ತು, ಉಸಿರಾಟದ ಅಭ್ಯಾಸ, ತಂಬಾಕು ಇಳಿಸುವುದು, ರಾತ್ರಿ ಒಂಬತ್ತಕ್ಕೆ ಫೋನ್ ಬಂದ್. ಮೊದಲ ಮೂರರಿಂದ ಸ್ವಲ್ಪ ಅನುಕೂಲವಾಯಿತು. ನಾಲ್ಕನೆಯದು ಒಂದು ವಾರವೂ ನಿಲ್ಲಲಿಲ್ಲ. ಫೋನ್ ಹತ್ತದಿದ್ದಾಗ ಒಬ್ಬ ರೈತರು ಬಾಕಿ ಬಿಲ್ ಕೇಳಲು ರಾತ್ರಿ ಹತ್ತಕ್ಕೆ ಬೈಕ್ ಹತ್ತಿ ಮನೆಗೇ ಬಂದರು. ಬಾಗಿಲಲ್ಲಿ ನಿಂತು ಉತ್ತರ ಹೇಳಬೇಕಾದದ್ದು ಹೆಂಡತಿ. ಮರುದಿನ ಆಫೀಸಿನಿಂದಲೂ ‘ಫೋನ್ ಯಾಕೆ ಬಂದ್’ ಎಂಬ ಪ್ರಶ್ನೆ. ಮೇಲಿನವರ ಬೆಂಬಲ ಇಲ್ಲದ ಗಡಿ ಹೆಂಡತಿ ಮಕ್ಕಳ ಮೇಲೆ ಬಂದು ಬೀಳುತ್ತದೆ.

ನೋಟ್‌ಬುಕ್

ಪ್ರಕರಣ ತಿರುಗಿದ್ದು ಇಲ್ಲಿ. ಫೋನ್ ಬಂದ್ ಮಾಡುವ ಬದಲು ಬಂದ ಫೋನುಗಳನ್ನು ಬರೆದಿಡಲು ಹೇಳಿದೆ. ಎರಡು ರೂಲು ಎಳೆದು ಮೂರು ಕಾಲಂ: ಏನು ಕೇಳಿದರು, ಎಷ್ಟು ಹೊತ್ತಿಗೆ, ಅದನ್ನು ತೀರ್ಮಾನಿಸುವ ಅಧಿಕಾರ ನಿಮಗಿದೆಯಾ. ನೆನಪಿದ್ದಷ್ಟು ಹಂಗಾಮಿನ ಫೋನುಗಳನ್ನೂ ಸೇರಿಸಿದರು.

ಪುಟ ತುಂಬಿದ ಮೇಲೆ ನೋಡಿದರೆ ಪ್ರಶ್ನೆಗಳು ಮೂರೇ. ‘ನನ್ನ ಪಾಳಿ ಯಾವಾಗ?’ ‘ಅವನದು ನನಗಿಂತ ಮೊದಲು ಹೇಗೆ ಹೋಯಿತು?’ ‘ಬಿಲ್ ಯಾವಾಗ?’ ಮೂರನೇ ಕಾಲಂನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ‘ಇಲ್ಲ, ಇಲ್ಲ, ಇಲ್ಲ’. ಅವರು ಆ ಕಾಲಂ ಮೇಲೆ ಬೆರಳಾಡಿಸುತ್ತಾ, ‘ಹಂಗಾದ್ರ ಇಷ್ಟು ವರ್ಷ ನಾ ಏನ್ ಹೇಳಾಕತ್ತಿದ್ದೆ?’ ಎಂದು ಕೇಳಿದರು. ಅವರು ಹೇಳುತ್ತಿದ್ದದ್ದು ಭರವಸೆ. ‘ಆಗ್ತದ, ಎರಡು ದಿನ ತಡೀರಿ.’ ಪಾಳಿ ಮೇಲಿನಿಂದ ಬದಲಾದಾಗ ಭರವಸೆ ಮುರಿಯುತ್ತಿತ್ತು. ಮುರಿದವರು ಇವರು ಅಂತ ಆಗುತ್ತಿತ್ತು. ಮಾತು ಕೊಟ್ಟರೆ ಮುಗೀತು ಅನ್ನುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ನೋವು ಯಾವುದು?

ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲೇ ಇದನ್ನು ವಿವರಿಸಿದ್ದಾರೆ. ಕೆಲಸದ ಬೇಡಿಕೆ ಜಾಸ್ತಿ, ಅದರ ಮೇಲಿನ ಹಿಡಿತ ಕಡಿಮೆ ಇದ್ದಾಗ ಮನುಷ್ಯ ಹೆಚ್ಚು ಕುಗ್ಗುತ್ತಾನೆ. ಬೇಡಿಕೆ ಅಷ್ಟೇ ಇದ್ದರೂ ತೀರ್ಮಾನಿಸುವ ಅಧಿಕಾರ ಇದ್ದರೆ ಅದೇ ಕೆಲಸವನ್ನು ತಾಳಿಕೊಳ್ಳಬಹುದು. ಹೊತ್ತಿನ ಲೆಕ್ಕವೂ ಮುಖ್ಯವೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಹಂಗಾಮಿನಲ್ಲಿ 55 ಗಂಟೆ ಇವರಿಗೆ ವಾರದ ನಡುವೆಯೇ ಮುಗಿಯುತ್ತಿತ್ತು.

ಮ್ಯಾನೇಜರ್ ಜೊತೆ ಮಾತು

ಆಫೀಸಿಗೆ ಹೇಳಬೇಕೋ ಬೇಡವೋ ಎಂಬುದರ ಮೇಲೆ ಬಹಳ ಚರ್ಚೆ ಆಯಿತು. ‘ಹುಚ್ಚ ಅಂತಾರ’ ಎಂಬ ಹೆದರಿಕೆ ಇವರಿಗೆ. ಕೆಲಸ ಹೋದರೆ ಎಂಬ ಹೆದರಿಕೆ ಹೆಂಡತಿಗೆ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಖಿನ್ನತೆ, ಮಾತ್ರೆ ಯಾವುದನ್ನೂ ಹೇಳುವುದು ಬೇಡ, ಅದು ಅವರ ಖಾಸಗಿ ವಿಷಯ. ಬಿಪಿ ಇದೆ, ರಾತ್ರಿ ನಿದ್ದೆ ಬೇಕು ಎಂದು ವೈದ್ಯರು ಬರೆದ ಚೀಟಿ ಇರಲಿ. ಉಳಿದದ್ದನ್ನು ನೋಟ್‌ಬುಕ್ ಹೇಳಲಿ.

ಮ್ಯಾನೇಜರ್ ಮೊದಲು ಹೇಳಿದ್ದು, ‘ಹಂಗಾಮಿನ್ಯಾಗ ಯಾರಿಗಿಲ್ರಿ ಟೆನ್ಶನ್? ನನಗೂ ಐತಿ.’ ಇದು ನಿಜವೇ ಆಗಿತ್ತು, ಅವರಿಗೂ ಮೇಲಿನವರಿದ್ದಾರೆ. ಅದಕ್ಕೆ ನಮ್ಮವರು ವಾದ ಮಾಡಲಿಲ್ಲ. ನೋಟ್‌ಬುಕ್ ತೆರೆದು ಮುಂದೆ ಇಟ್ಟರು. ಸರ್ವೆ ನಂಬರ್ ತಪ್ಪಿದ್ದು ಯಾವ ರಾತ್ರಿಯ ನಂತರ ಎಂಬುದನ್ನೂ ತೋರಿಸಿದರು. ಪಾಳಿ ಪಟ್ಟಿ ಜನರಿಗೆ ಕಾಣುವಂತಿದ್ದರೆ ಎಷ್ಟು ಫೋನು ಕಡಿಮೆ ಆಗುತ್ತವೆ ಎಂದು ಲೆಕ್ಕ ಹಾಕಿ ಹೇಳಿದರು. ಮ್ಯಾನೇಜರ್ ಪುಟ ತಿರುವುತ್ತಾ ಹೋದರಂತೆ. ತಮಗೆ ಬರುವ ಫೋನುಗಳೂ ಇವೇ ಎಂದರಂತೆ.

ಅವರು ಒಪ್ಪಿದ್ದು ಇಷ್ಟು. ಹಳ್ಳಿವಾರು ಪಾಳಿ ಪಟ್ಟಿಯನ್ನು ಪಂಚಾಯ್ತಿ ಮತ್ತು ಸೊಸೈಟಿ ಬೋರ್ಡಿಗೆ ಅಂಟಿಸುವುದು, ರೈತರ ವಾಟ್ಸ್ಆ್ಯಪ್ ಗುಂಪಿಗೂ ಹಾಕುವುದು. ಪಾಳಿ ಬದಲಾದರೆ ಕಾರಣ ಬರೆದು ಆಫೀಸಿನವರೇ ಸಹಿ ಮಾಡುವುದು. ರಾತ್ರಿ ಒಂಬತ್ತರ ನಂತರ ಆಫೀಸಿನ ಶಿಫ್ಟ್ ನಂಬರಿಗೆ ಫೋನು. ಪಕ್ಕದ ವಿಭಾಗದ ಫೀಲ್ಡ್‌ಮನ್ ಜೊತೆ ವಾರಕ್ಕೊಂದು ದಿನ ಅದಲು ಬದಲಾಗಿ ಬಿಡುವು. ಒಪ್ಪದೇ ಇದ್ದದ್ದು: ಇನ್ನೊಬ್ಬ ಸಿಬ್ಬಂದಿ. ಬಿಲ್ಲಿನ ವಿಷಯವಂತೂ ‘ಅದು ನನ್ನ ಕೈಯಾಗ ಇಲ್ಲ’ ಎಂದರು.

ಮುಂದಿನ ಹಂಗಾಮು

ಮೊದಲ ವಾರಗಳಲ್ಲಿ ಫೋನು ಕಡಿಮೆ ಆಗಲಿಲ್ಲ, ಜಾಸ್ತಿಯೇ ಆದವು. ಪಟ್ಟಿ ನೋಡಿದವರಿಗೆ ಹೊಸ ತಕರಾರು. ಅವನ ನೋಂದಣಿ ದಿನಾಂಕ ಹೇಗೆ ಹಿಂದಿನದು, ನನ್ನದು ಹೇಗೆ ಮುಂದಿನದು. ಇವರು ಕಂಗಾಲಾಗಿ ಬಂದು ಪಟ್ಟಿ ತೆಗೆಸಿಬಿಡುತ್ತೇನೆ ಎಂದರು. ತಕರಾರು ಈಗ ದಿನಾಂಕದ ಮೇಲೆ ಬಂದಿದೆ, ನಿಮ್ಮ ಪ್ರಾಮಾಣಿಕತೆಯ ಮೇಲೆ ಬಂದಿಲ್ಲ, ಸ್ವಲ್ಪ ತಡೆಯೋಣ ಎಂದೆ.

ನಿಜವಾದ ಪರೀಕ್ಷೆ ಡಿಸೆಂಬರಿನಲ್ಲಿ. ಊರಿನ ಒಬ್ಬ ಪ್ರಭಾವಿ ಬೆಳೆಗಾರರು ತಮ್ಮ ಕಬ್ಬು ಮೊದಲು ಹೋಗಬೇಕು ಎಂದರು. ಹಿಂದೆ ಆಗಿದ್ದರೆ ಇವರು ಗ್ಯಾಂಗನ್ನು ಸುಮ್ನೆ ಅತ್ತ ಕಳಿಸಿ, ಉಳಿದವರಿಗೆಲ್ಲ ಸಬೂಬು ಹೇಳಿ, ಆ ರಾತ್ರಿ ನಿದ್ದೆಗೆಡುತ್ತಿದ್ದರು. ಈ ಸಲ ‘ಕಾರಣ ಬರೆದು ಆಫೀಸು ಸಹಿ ಮಾಡಿದರೆ ಕಳಿಸ್ತೀನ್ರಿ’ ಎಂದರು. ಮ್ಯಾನೇಜರ್ ಮೇಲೆ ಒತ್ತಡ ಬಂತು. ಅವರು ಸಹಿ ಮಾಡಲಿಲ್ಲ. ಇಡೀ ಪ್ರಕರಣದಲ್ಲಿ ನನ್ನ ಯಾವ ಸಲಹೆಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಆ ಹಾಕದ ಸಹಿ ಎಂದು ನಾನು ನಂಬುತ್ತೇನೆ. ಮರುವಾರದಿಂದ ಪಾಳಿಯ ಫೋನು ನಿಜಕ್ಕೂ ಇಳಿದವು. ಪಟ್ಟಿಯನ್ನು ಊರು ನಂಬಿತು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಕುಸಿತ. ಬಿಲ್ ತಡವಾಗಿತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಸೇರಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಕೊಡಬೇಕು. ರೈತರ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟು ಬಂದು ಬಿದ್ದದ್ದು ಮಾತ್ರ ಬಿಲ್ಲಿಗೆ ಸಂಬಂಧವೇ ಇಲ್ಲದ ಇವರ ಮೇಲೆ. ತಂಬಾಕು ಮತ್ತೆ ಏರಿತು. ನಿದ್ದೆ ಒಡೆಯಿತು. ಆದರೆ ಈ ಸಲ ಅವರೇ ಫೋನ್ ಮಾಡಿ, ‘ಮಗಗ ಉತ್ತರ ಕೊಡೂದು ಮತ್ತ ಬಿಟ್ಟೀನ್ರಿ, ಬರ್ತೀನಿ’ ಎಂದರು. ಹಿಂದಿನ ಸಲ ಇದೇ ಗುರುತು ಕಂಡು ನನ್ನ ಹತ್ತಿರ ಬರುವಷ್ಟರಲ್ಲಿ ವರ್ಷಗಳೇ ಹೋಗಿದ್ದವು. ಈಗ ಕೆಲವೇ ದಿನ. ಇನ್ನು ಮೇಲೆ ಬಿಲ್ಲಿನ ಬಗ್ಗೆ ಯಾರಿಗೂ ದಿನಾಂಕ ಹೇಳುವುದಿಲ್ಲ ಎಂದು ಅವರೇ ತೀರ್ಮಾನಿಸಿದರು. ‘ನನಗ ಗೊತ್ತಿಲ್ರಿ, ಅಕೌಂಟ್ಸ್ ನಂಬರ್ ಕೊಡ್ತೀನಿ’ ಅನ್ನುವ ಒಂದು ವಾಕ್ಯ. ಅದನ್ನು ಹೇಳಲು ಅವರಿಗೆ ಬಹಳ ಕಷ್ಟವಾಯಿತು. ಗೊತ್ತಿಲ್ಲ ಅಂದರೆ ಊರಲ್ಲಿ ಮರ್ಯಾದೆ ಹೋಗುತ್ತದೆ ಅಂತ ಅವರಿಗೆ ಅನಿಸುತ್ತಿತ್ತು. ನನ್ನ ಕೋಣೆಯಲ್ಲಿ ಅದನ್ನು ಹೇಳಿ ಹೇಳಿ ಅಭ್ಯಾಸ ಮಾಡಿದರು.

ಯುಗಾದಿ ಹೊತ್ತಿಗೆ ಬಿಪಿ ಹಿಡಿತಕ್ಕೆ ಬಂದಿತ್ತು. ಖಿನ್ನತೆಯ ಮಾತ್ರೆಯನ್ನು ವೈದ್ಯರು ಆಮೇಲೆ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಸಾಯುವ ಯೋಚನೆ ಮತ್ತೆ ಬರಲಿಲ್ಲ. ಪ್ರತಿ ಭೇಟಿಯಲ್ಲೂ ಅದನ್ನು ಕೇಳುವುದನ್ನು ನಾನು ಬಿಡಲಿಲ್ಲ. ಏಪ್ರಿಲ್‌ನಲ್ಲಿ ಮೈ ಹಗುರ ಆಯಿತು ಎಂದರು, ಮೊದಲಿನ ವರ್ಷಗಳ ಹಾಗೆ.

ನಾನು ಹಿಡಿದುಕೊಂಡದ್ದು

ಕೆಲಸದ ಒತ್ತಡ ಅಂತ ಬಂದವರನ್ನು ಈಗ ನಾನು ಮೊದಲು ಕೇಳುವುದು ಎಷ್ಟು ಗಂಟೆ ದುಡಿಯುತ್ತೀರಿ ಅಂತಲ್ಲ. ಬಿಡುವು ಸಿಕ್ಕಾಗ ದಣಿವು ಹೋಗುತ್ತದೆಯಾ ಎಂದು ಕೇಳುತ್ತೇನೆ. ನಂತರ, ನಿಮ್ಮ ಕೈಯಲ್ಲಿಲ್ಲದ ಯಾವ ವಿಷಯಕ್ಕೆ ನೀವು ಉತ್ತರ ಕೊಡುತ್ತಿದ್ದೀರಿ ಎಂದು ಕೇಳುತ್ತೇನೆ. ಎರಡನೇ ಪ್ರಶ್ನೆಗೆ ಶಿಕ್ಷಕರೂ, ಪಂಚಾಯ್ತಿಯವರೂ, ಲೈನ್‌ಮನ್‌ಗಳೂ ಉದ್ದನೆಯ ಉತ್ತರ ಕೊಡುತ್ತಾರೆ.

ಉಸಿರಾಟ, ನಡಿಗೆ, ಮಾತ್ರೆ ಇವು ಬೇಕೇ ಬೇಕು. ಇವರನ್ನು ಜುಲೈಯಿಂದ ಡಿಸೆಂಬರ್‌ವರೆಗೆ ಹಿಡಿದು ನಿಲ್ಲಿಸಿದ್ದು ಅವೇ. ಆದರೆ ಕೆಲಸ ಹಾಗೇ ಉಳಿದಿದ್ದರೆ ಅವು ಎಷ್ಟು ದಿನ ತಡೆಯುತ್ತಿದ್ದವು ಎಂಬುದಕ್ಕೆ ಶ್ರೀಶೈಲದ ಯಾತ್ರೆಯೇ ಉತ್ತರ ಕೊಟ್ಟಿತ್ತು. ಮ್ಯಾನೇಜರುಗಳಿಗೆ ನನ್ನದೊಂದು ಮನವಿ ಇದೆ. ನಿಮ್ಮ ಒಳ್ಳೆಯ ಕೆಲಸಗಾರ ಇದ್ದಕ್ಕಿದ್ದಂತೆ ಕಹಿ ಮಾತಾಡಲು ಶುರು ಮಾಡಿದರೆ, ಎಂದೂ ಮಾಡದ ತಪ್ಪು ಮಾಡಿದರೆ, ನೋಟಿಸ್ ಕೊಡುವ ಮೊದಲು ಕೂರಿಸಿ ಮಾತಾಡಿ.

ಇವರು ಈಗಲೂ ಅದೇ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಪಾಳಿ ಪಟ್ಟಿ ಬೋರ್ಡಿಗೆ ಬೀಳುತ್ತದೆ. ವಾರದ ಬಿಡುವು ಹಂಗಾಮಿನ ನಡುವೆ ಆಗಾಗ ತಪ್ಪುತ್ತದೆ. ಬಿಲ್ಲಿನ ಫೋನುಗಳು ನಿಂತಿಲ್ಲ. ಅದಲು ಬದಲಿಗೆ ಒಪ್ಪಿದ್ದ ಪಕ್ಕದ ವಿಭಾಗದ ಫೀಲ್ಡ್‌ಮನ್ ವಯಸ್ಸಿನಲ್ಲಿ ಚಿಕ್ಕವರು. ಅವರ ವಿಭಾಗದಲ್ಲಿ ಪಟ್ಟಿ ಇನ್ನೂ ಶುರುವಾಗಿಲ್ಲ. ಹೋದ ತಿಂಗಳು ಅವರನ್ನು ಇವರೇ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಆ್ಯಸಿಡಿಟಿಯ ಮಾತ್ರೆ ಇತ್ತು.